ಒಂಬತ್ತನೇ ಮನೆ

ಊರಿನಿಂದ ಬಂದವರೆಲ್ಲ ಹಿಂದಿನ ಸಂಜೆಯ ಗಾಡಿಗೆ ಹುಬ್ಬಳ್ಳಿ ಕಡೆ ಹೊರಟುಹೋಗಿದ್ದರು. ಬೆಳಿಗ್ಗೆ ಆರಕ್ಕೆ ಗಂಗಾದೇವಿ ಕೊಡ ಹಿಡಿದು ವಠಾರದ ನಲ್ಲಿಗೆ ಹೋದಳು. ಯಶವಂತಪುರಕ್ಕೆ ಬಂದ ಎರಡು ವರ್ಷದಲ್ಲಿ ಆ ನಲ್ಲಿಯಿಂದ ಜಗಳವಿಲ್ಲದೆ ಒಂದು ಕೊಡ ನೀರು ತಂದವಳಲ್ಲ ಅವಳು. ಇವತ್ತು ಮೂರು ಕೊಡಗಳ ಹಿಂದೆ ತನ್ನದನ್ನು ಇಟ್ಟು ನಿಂತರೆ, ಪಕ್ಕದ ಮನೆಯ ಲಕ್ಕಮ್ಮ ತನ್ನ ಕೊಡವನ್ನು ಕಾಲಿನಿಂದ ಸರಿಸಿದಳು.

"ನೀನ್ ಹಿಡ್ಕೊಳಮ್ಮ ಮೊದ್ಲು."

"ನಿಮ್ದು ಮುಂದಿತ್ತಲ್ರೀ."

"ಇರ್ಲಿ, ಹಿಡ್ಕೊ ಅಂದೆ."

ಉಳಿದ ಇಬ್ಬರು ಬೇರೆ ಕಡೆ ನೋಡಿದರು. ಯಾರೂ ಯಾರಿಗೂ ಸರದಿ ಬಿಟ್ಟುಕೊಟ್ಟ ನಲ್ಲಿ ಅದಲ್ಲ. ಮಣ್ಣು ಹಾಕುವಾಗ ತಿಳಿಯದಿದ್ದದ್ದು, ಮೂರನೇ ದಿನ ತಿಳಿಯದಿದ್ದದ್ದು, ನೀರು ತುಂಬುವ ಸದ್ದಿಗೆ ತಿಳಿಯಿತು. ಗಂಡ ಸತ್ತಿದ್ದಾನೆ. ಕೊಡ ತುಂಬಿ ಚೆಲ್ಲಿದರೂ ಯಾರೂ ಬೈಯಲಿಲ್ಲ.

ನಾಗಲಿಂಗಪ್ಪನಿಗೆ ಮೂವತ್ತೊಂದು. ಗೊರಗುಂಟೆಪಾಳ್ಯದ ಹತ್ತಿರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಕಾಮಾಲೆ ಬಂದು ಹನ್ನೊಂದು ದಿನ ಮಲಗಿ ಹೋಗಿಬಿಟ್ಟ. ಗಂಗಾದೇವಿ ಧಾರವಾಡದಲ್ಲಿ ಕನ್ನಡ ಎಂ.ಎ. ಮಾಡಿದವಳು, ಕಾಲೇಜುಗಳಿಗೆ ಅರ್ಜಿ ಹಾಕಿ ಕಾಯುತ್ತಿದ್ದಳು. ಮಕ್ಕಳಿರಲಿಲ್ಲ.

ಒಂಬತ್ತು ಗಂಟೆಗೆ ಮುನಿಆಂಜಿನಪ್ಪ ಬಂದ. ಗಂಡನ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವನು, ಮಾಕಳಿಯಿಂದ ಸೈಕಲ್ಲಿನಲ್ಲಿ ಬಂದು ಹೋಗುವವನು. ಕ್ಯಾರಿಯರ್ ಮೇಲೆ ದೊಡ್ಡ ಗಂಟು ಇತ್ತು.

"ಬರ್ರಿ, ಕೂಡ್ರಿ."

"ಇಲ್ಲಮ್ಮ, ನಿಂತ್ಕೊಂಡೇ ಯೋಳ್ಬುಡ್ತೀನಿ. ನಾಗಲಿಂಗಣ್ಣನ ಲಾಕರ್ ಖಾಲಿ ಮಾಡು ಅಂದ್ರು. ಅದ್ಕೇ ಎಲ್ಲಾ ಇಂಗೆ ಗಂಟು ಕಟ್ಕೊಂಡು ಬಂದೆ."

ಒಂದು ಟಿಫಿನ್ ಡಬ್ಬಿ, ನೀಲಿ ಅಂಗಿ, ಸವೆದ ಬೂಟು. ಕೊನೆಗೆ ಹಳೆಯ ದುಪ್ಪಟಿಯಲ್ಲಿ ಸುತ್ತಿದ, ತೋಳಿನಷ್ಟು ಉದ್ದದ ಏನೋ ಒಂದು. ಅದನ್ನು ಮಾತ್ರ ಅವನು ಎರಡು ಕೈಯಲ್ಲಿ ಹಿಡಿದು ಕೆಳಗಿಟ್ಟ.

"ಇದೇನ್ರಿ?"

"ಬ್ಯಾಂಜೋ ಕಣಮ್ಮ. ಹಳೇದು, ಜಪಾನ್‌ದಂತೆ. ರಿಪೇರಿ ಮಾಡ್ತಿದ್ದ. ಅದ್ರ ಮುಂದೆ ಕೂತ್ಬುಟ್ರೆ ಬೀಡಿ ಬ್ಯಾಡ, ಟೀ ಬ್ಯಾಡ. ನಾವೂ ರೇಗುಸ್ತಿದ್ವಿ, ಏನ್ ಗುರು, ಎಲ್ಡನೇ ಸಂಸಾರ ಮಡೀಕಂಡಿದ್ದೀಯಾ ಅಂತ." ಹೇಳಿದ ಮೇಲೆ ಅವನಿಗೆ ತಾನು ಎಲ್ಲಿ ನಿಂತಿದ್ದೇನೆ ಎಂಬುದು ನೆನಪಾಯಿತು. "ತಮಾಸೆಗಮ್ಮ."

"ಯಾವಾಗ ಮಾಡ್ತಿದ್ರು ಇದನ್ನ?"

"ಸಿಫ್ಟ್ ಮುಗುದ್ಮೇಲೆ. ಏಳು, ಏಳೂವರೆ ಗಂಟ."

"ಓವರ್‌ಟೈಮ್ ಆದಮ್ಯಾಲೆ?"

"ಓವರ್‌ಟೈಮಾ? ದೀಪಾವಳಿಯಿಂದ ಈಚ್ಗೆ ನಮ್ ಸೆಕ್ಸನ್ನಲ್ಲಿ ಓವರ್‌ಟೈಮ್ ಎಲ್ಲೈತಮ್ಮ..." ಎಂದವನು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡ.

ದೀಪಾವಳಿಯಿಂದ ಈಚೆಗೆ ನಾಲ್ಕು ತಿಂಗಳು. ನಾಲ್ಕು ತಿಂಗಳ ಓವರ್‌ಟೈಮಿಗೆ ಅವಳು ದಿನವೂ ಸಾರನ್ನು ಎರಡನೇ ಸಲ ಬಿಸಿ ಮಾಡಿದ್ದಳು.

"ಯಾರದಿದು?"

"ಜೈಬುನ್ನೀಸಾ ಅಂತ. ಆರ್.ಟಿ. ನಗರದ ಕಡೆ. ನಾನ್ ಕಂಡಿಲ್ಲ. ಎರವಲು ತಂದಿರೋದು, ಚೆಂದಾಗಿ ಮಾಡಿ ವಾಪಸ್ ಕೊಡ್ಬೇಕು ಅಂತಿದ್ದ. ಇನ್ನೊಂದ್ ವಾರದ ಕೆಲ್ಸ ಇತ್ತು ಅಷ್ಟೇಯ." ಅವನು ಸೈಕಲ್ ತಿರುಗಿಸಿಕೊಂಡ. "ನಾನೇ ಕೊಟ್ಟು ಬರ್ಲಾ?"

"ಬ್ಯಾಡ. ನಾನs ಕೊಡ್ತೀನಿ."

ಬಾಗಿಲು ಹಾಕಿ ದುಪ್ಪಟಿ ಬಿಚ್ಚಿದಳು. ಗಿಟಾರಿನಂತೆ ಇರಬಹುದು ಎಂದುಕೊಂಡಿದ್ದಳು. ಇದು ಅವಳ ಊರಿನ ಕಡೆ ಉರುಸಿನಲ್ಲಿ, ಕವಾಲಿಯವರ ಮಡಿಲಲ್ಲಿ ಕಂಡಿದ್ದ ಪೆಟ್ಟಿಗೆ. ಕಪ್ಪು ಮೆರುಗಿನ ಮರ, ಮೇಲೆ ತಗಡಿನ ಪಟ್ಟಿ, ಟೈಪ್‌ರೈಟರಿನಂತೆ ಎರಡು ಸಾಲು ಗುಂಡಿಗಳು. ಎಡಗೈಯಲ್ಲಿ ಗುಂಡಿ ಒತ್ತಿದರೆ ಅದು ಕೆಳಗಿನ ತಂತಿಯನ್ನು ಒಂದು ಕಡೆ ಅದುಮುತ್ತದೆ, ಬಲಗೈಯಲ್ಲಿ ಮೀಟುತ್ತಾರೆ. ಗುಂಡಿಗಳ ಮೇಲಿನ ಅಂಕಿಗಳು ಯಾವತ್ತೋ ಸವೆದಿದ್ದವು. ಎಲ್ಲವೂ ಹಳೆಯ ಹಲ್ಲಿನ ಬಣ್ಣ. ಒಂದು ಮಾತ್ರ ಹೊಸ ಹಿತ್ತಾಳೆಯದು, ಹೊಳೆಯುತ್ತಿತ್ತು. ತಂತಿ ಒಂದೂ ಇರಲಿಲ್ಲ. ಹೊಟ್ಟೆಯ ಬಿರುಕಿಗೆ ಅಂಟು ಹಾಕಿ, ಅಂಟಿನ ಗೆರೆ ಕಾಣದಂತೆ ಉಜ್ಜಿದ್ದ. ಗುಂಡಿಗಳ ಅಡಿಯ ಸ್ಪ್ರಿಂಗುಗಳನ್ನೆಲ್ಲ ತಾನೇ ಉಕ್ಕಿನ ತಂತಿಯಿಂದ ಸುತ್ತಿದ್ದ. ತುಕ್ಕಿನ ಒಂದು ಚುಕ್ಕೆ ಇರಲಿಲ್ಲ.

ಗೂಡಿನಲ್ಲಿ ರೇಡಿಯೋ ಇತ್ತು. ಅದರ ಗುಂಡಿ ಉದುರಿ ಒಂದು ವರ್ಷ. ಅವಳು ಇಕ್ಕಳದಿಂದ ತಿರುಗಿಸುತ್ತಿದ್ದಳು. "ನೋಡೂಣಂತ" ಎನ್ನುತ್ತಿದ್ದ.

ದುಪ್ಪಟಿಯ ಮಡಿಕೆಯಲ್ಲಿ ತಂತಿಯ ಒಂದು ಪೊಟ್ಟಣವೂ ಅಂಗೈಯಗಲದ ನೋಟ್‌ಬುಕ್ಕೂ ಸಿಕ್ಕಿದವು. ಪೆನ್ಸಿಲಿನ ಗುಂಡು ಅಕ್ಷರ. ಅವಳು ನಡುವೆ ಎಲ್ಲೋ ತೆರೆದಳು.

"ಇವತ್ತ ಆಕಿ ಮಾತಾಡಿದಳು. ದನಿ ಇನ್ನೂ ಸಣ್ಣದು."

ಮುಂದಿನ ಹಾಳೆ. "ಆಕಿಗೆ ಥಂಡಿ ಆಗಿಬರೂದಿಲ್ಲ. ಮಳಿ ಬಂದ ದಿನಾ ಹೊರಗ ಕರಕೊಂಡು ಬರಬಾರದು."

ಅದರ ಮುಂದೆ. "ಒಂಬತ್ತನೇ ಮನ್ಯಾಗ ಆಕಿ ಅಳತಾಳ. ಯಾಕಂತ ತಿಳೀವಲ್ದು. ನಾಳಿ ಸಂಜಿಗೆ ಮತ್ತ ನೋಡಬೇಕು."

ಒಂದು ಹಾಳೆಯಲ್ಲಿ ಒಂದೇ ಸಾಲು. "ಆಕಿ ಮುಂದ ಬಾರಸಾಕ ನನಗ ನಾಚಿಕಿ."

ಗಂಗಾದೇವಿ ಪುಸ್ತಕ ಮುಚ್ಚಿ ಗೋಡೆಗೆ ಒರಗಿದಳು. ಅವರ ಕಡೆ ಗಂಡ ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯಾದ ದಿನದಿಂದ ನಾಗಲಿಂಗಪ್ಪನ ಬಾಯಲ್ಲಿ ಅವಳಿಗೆ ಇದ್ದದ್ದು ಅದೊಂದೇ ಶಬ್ದ. ಲಕ್ಕಮ್ಮನ ಹತ್ತಿರ, ಹಾಲಿನವನ ಹತ್ತಿರ, ಊರಿಗೆ ಬರೆದ ಕಾಗದದಲ್ಲಿ, ಎಲ್ಲ ಕಡೆ, ಆಕಿ. ಸೀರೆ, ಕಾಲುಂಗುರ ಎಲ್ಲ ತವರಿನವು. ಗಂಡ ಕೊಟ್ಟದ್ದು ಎಂದರೆ ಆ ಎರಡಕ್ಷರ. ಅದನ್ನೂ ಇನ್ನೊಬ್ಬಳಿಗೆ ಕೊಟ್ಟಿದ್ದ.

ಅತ್ತಿರಲಿಲ್ಲ ಅವಳು, ಈ ಐದು ದಿನ. ಹೆಣದ ಮುಂದೆ ಹೆಂಗಸರು ಅಳು ಅಳು ಎಂದು ಬೆನ್ನು ಗುದ್ದಿದ್ದರು. ಕೈಕಾಲು ಮರದಂತೆ ಇದ್ದವು. ಈಗ ಎದೆಯಲ್ಲಿ ಒಂದು ಕಡೆ ಚುರ್ ಎಂದಿತು. ಅಷ್ಟು ದಿನದಲ್ಲಿ ಅವಳಿಗೆ ಆದ ಮೊದಲ ನೋವು ಅದು. ಅದನ್ನು ಬಿಡಬಾರದು ಎನಿಸಿತು.

ಜೈಬುನ್ನೀಸಾಳಿಗೆ ಒಂದು ಮುಖ ಹುಡುಕಿದಳು. ಉದ್ದ ಬೆರಳು, ಸುರ್ಮದ ಕಣ್ಣು. ಯಾವುದೋ ಬೀದಿಯ ಒಂಬತ್ತನೇ ಮನೆ. ಥಂಡಿ ತಡೆಯದ ಮೈ. ಮಳೆ ಬಂದರೆ ಹೊರಗೆ ಬರುವವಳಲ್ಲ. ಸಂಜೆಯಾದರೆ ಅಳುತ್ತಾಳೆ, ಇವನು ಹೋಗಿ ಯಾಕೆಂದು ನೋಡುತ್ತಾನೆ. ಗಂಗಾದೇವಿ ಕಾಲು ಉಳುಕಿಸಿಕೊಂಡು ಅತ್ತ ದಿನ ಅವನು ಅಮೃತಾಂಜನದ ಡಬ್ಬಿ ದೂಡಿ ಪೇಪರ್ ಓದಿದ್ದ.

ಎದ್ದು ಅಂದೇ ಹೋಗಬೇಕೆಂದು ಸೀರೆ ಬದಲಿಸಿದಳು. ಆಮೇಲೆ ಕೂತಳು. ತಂತಿಯಿಲ್ಲದ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋದರೆ ಆ ಹೆಂಗಸು ಏನನ್ನುತ್ತಾಳೆ? ಪಾಪ, ನನ್ನ ಕೆಲಸ ಅರ್ಧಕ್ಕೆ ಬಿಟ್ಟು ಹೋದ ಎಂದು ಅಳುತ್ತಾಳೆ. ಅರ್ಧಕ್ಕೆ ಬಿಟ್ಟು ಹೋದದ್ದು ತನ್ನನ್ನು. ಆ ಮಾತು ಹೇಳುವ ಹಕ್ಕು ಅವಳಿಗೆ ಸಿಗಬಾರದು. ಪೂರ್ತಿ ಮಾಡಿ ಅವಳ ಮುಂದೆ ಇಟ್ಟು ಬರಬೇಕು. ಅವಳಿಗೂ ತನ್ನ ಗಂಡನಿಗೂ ನಡುವೆ ಒಂದೆಳೆ ತಂತಿಯೂ ಉಳಿಯಬಾರದು.

ಪುಸ್ತಕದ ಕೊನೆಯಲ್ಲಿ ಪೆಟ್ಟಿಗೆಯ ಚಿತ್ರ ಬರೆದು, ಯಾವ ತಂತಿ ಯಾವ ಬಿಗಿಯುವ ಮೊಳೆಗೆ ಎಂದು ಗೆರೆ ಎಳೆದಿದ್ದ. ಅದರ ಕೆಳಗೆ: "ತಂತಿ ಏರಸೂದು. ಸೈರನ್ನಿಗೆ ಕೂಡಸೂದು."

ಮೊದಲ ದಿನ ಎರಡು ತಂತಿ ತುಂಡಾದವು, ಹೆಬ್ಬೆರಳು ಸೀಳಿತು. ಎರಡನೇ ದಿನ ಇಕ್ಕಳದಿಂದ ಕುಣಿಕೆ ಬಗ್ಗಿಸುವುದು ಬಂತು. ಗುಂಡಿಗಳ ಅಡಿ ಹೋಗುವ ನಾಲ್ಕು ಉಕ್ಕಿನವು, ಪಕ್ಕದಲ್ಲಿ ಸುಮ್ಮನೆ ಮಿಡಿಯುವ ಎರಡು ಹಿತ್ತಾಳೆಯವು. ಸೈರನ್ನಿನ ಮಾತು ಮಾತ್ರ ಅರ್ಥವಾಗಿರಲಿಲ್ಲ. ಮೂರನೇ ದಿನ ಎರಡು ಗಂಟೆಗೆ, ತಂತಿ ಬಿಗಿಯುತ್ತ ಕೂತಿದ್ದಾಗ, ಗೊರಗುಂಟೆಪಾಳ್ಯದ ಕಡೆಯಿಂದ ಕಾರ್ಖಾನೆಯ ಸೈರನ್ ಎದ್ದಿತು. ಗೊಗ್ಗರು ದನಿಯಿಂದ ಶುರುವಾಗಿ ಏರಿ ಏರಿ, ಒಂದು ಕಡೆ ನಿಂತು, ಇಳಿಯುವ ಮುಂಚೆ ಅಲ್ಲೇ ಹತ್ತೆಣಿಸುವಷ್ಟು ಹೊತ್ತು ಇತ್ತು. ಆ ನಿಂತ ಜಾಗ! ಅವಳ ಬೆರಳು ತಾನಾಗಿ ತಂತಿ ಮೀಟಿತು. ಒಂದು ಕೂದಲೆಳೆ ಕೆಳಗಿತ್ತು. ಮೊಳೆ ತಿರುವಿದಳು. ಸೈರನ್ ಇಳಿದುಹೋಯಿತು.

ಸಂಗೀತ ಬಾರದವನು ಶ್ರುತಿಪೆಟ್ಟಿಗೆ ಇಲ್ಲದೆ ಮಾಡಿಕೊಂಡಿದ್ದ ಉಪಾಯ ಅದು. ದಿನಕ್ಕೆ ಮೂರು ಸೈರನ್: ಬೆಳಿಗ್ಗೆ ಆರಕ್ಕೆ, ಏಳೂವರೆಗೆ, ಮಧ್ಯಾಹ್ನ ಎರಡಕ್ಕೆ. ಒಂದೊಂದಕ್ಕೆ ಒಂದು ತಂತಿ. ಬೆಳಿಗ್ಗೆಯ ಸೈರನ್ನಿಗೆ ಅವಳು ನಲ್ಲಿಯ ಸರದಿ ಬಿಟ್ಟು ಮೊಳೆ ತಿರುವುತ್ತ ಕೂತಳು. "ಏನಮ್ಮ ಒಳ್ಗೆ ಕುಂಯ್ ಕುಂಯ್ ಅಂತದೆ, ನಾಯಿ ಮರಿ ಸಾಕ್ಕೊಂಡಿದ್ದೀಯಾ?" ಎಂದು ಲಕ್ಕಮ್ಮ ಕಿಟಕಿಯಿಂದ ಕೇಳಿದಳು. "ಹೂಂ" ಎಂದಳು. ಬಿಟ್ಟ ತಂತಿ ಸಡಿಲಾಗುತ್ತಿತ್ತು, ಮತ್ತೆ ಮರುದಿನದ ಸೈರನ್ನಿಗೆ ಕಾಯಬೇಕು. ಎಂಟು ದಿನ ಹಿಡಿಯಿತು.

ಒಂಬತ್ತನೆಯ ದಿನ ಮಧ್ಯಾಹ್ನ ಗುಂಡಿಗಳನ್ನು ಎಡಗಡೆಯಿಂದ ಒಂದೊಂದಾಗಿ ಒತ್ತುತ್ತ ಹೋದಳು. ಒಂದೊಂದೂ ತೊಳೆದಿಟ್ಟಂತೆ ನುಡಿಯಿತು. ಹಿತ್ತಾಳೆಯದರ ಮೇಲೆ ಬೆರಳಿಟ್ಟಾಗ ಪೆಟ್ಟಿಗೆ ಝುಂಯ್ ಎಂದು ಮೂಗಿನಲ್ಲಿ ರಾಗ ಎಳೆಯಿತು. ಮತ್ತೆ ಒತ್ತಿದಳು. ಅಳುಮುಂಜಿ ಕೂಸು ತಡೆತಡೆದು ಅತ್ತಂತೆ. ಕೆಳಗೆ ಇಣುಕಿದರೆ ತಂತಿ ಪಕ್ಕದ ಪಟ್ಟಿಗೆ ಕೂದಲಿನಷ್ಟು ತಾಗುತ್ತಿತ್ತು.

ಎಣಿಸಿದಳು. ಒಂಬತ್ತು.

ಊರಿನ ಮಠದ ಹಾರ್ಮೋನಿಯಂ ಮಾಸ್ತರರು ನೆನಪಾದರು. ಎರಡನೇ ಮನಿ ಹಿಡೀ, ಕರಿ ಮನಿಗೆ ಹೋಗು, ಎನ್ನುತ್ತಿದ್ದರು. ಸ್ವರದ ಪಟ್ಟಿಗೆ ಅವರ ಕಡೆ ಮನಿ ಎಂದೇ ಹೆಸರು. ಗಂಗಾದೇವಿ ಪುಸ್ತಕ ತೆರೆದು ಮೊದಲ ಹಾಳೆಯಿಂದ ಓದಿದಳು. "ಆಕಿ ಹೊಟ್ಟಿ ಬಿರುಕು ಬಿಟ್ಟದ." "ಆಕಿ ಮೈಗೆ ಸೀಮಿ ಎಣ್ಣಿ ಹಚ್ಚಿ ಒರಸಿದೆ." "ಒಂಬತ್ತನೇ ಮನಿ ಗುಂಡಿ ಮೊದಲs ಇದ್ದಿಲ್ಲ, ನಾನs ಮಾಡೀನಿ." ಹೆಂಗಸಿಲ್ಲ. ಪೆಟ್ಟಿಗೆಯೇ ಆಕಿ.

ನಗು ಬರಲಿಲ್ಲ. ಹೆಂಗಸಾಗಿದ್ದರೆ ಎದುರು ನಿಂತು ಕೇಳಬಹುದಿತ್ತು. ಮರದ ಪೆಟ್ಟಿಗೆಯ ಮೈಗೆ ಎಣ್ಣೆ ಹಚ್ಚಿ ಒರೆಸಿದವನ ಮೇಲೆ ಯಾವ ಬಾಯಲ್ಲಿ ಜಗಳ ತೆಗೆಯುವುದು? ಅಲ್ಲದೆ ಒಂದು ಸಾಲು ಎತ್ತ ತಿರುಗಿಸಿದರೂ ಪೆಟ್ಟಿಗೆಗೆ ಹೊಂದಲಿಲ್ಲ. ಆಕಿ ಮುಂದ ಬಾರಸಾಕ ನನಗ ನಾಚಿಕಿ. ಪೆಟ್ಟಿಗೆಯ ಮುಂದೆ ಪೆಟ್ಟಿಗೆ ಬಾರಿಸಲು ಯಾರಿಗೆ ನಾಚಿಕೆ? ಅಲ್ಲೊಬ್ಬಳು ಇದ್ದೇ ಇದ್ದಳು.

ಚಾಕುವಿನ ತುದಿಯಿಂದ ಸ್ಕ್ರೂ ಬಿಚ್ಚಿ ಹಿತ್ತಾಳೆಯ ಗುಂಡಿಯನ್ನು ಹೊರಗೆ ತೆಗೆದಳು. ಕೈ ತಗಲಿ ತಗಲಿ ನುಣುಪಾದಂತೆ ಅಂಚಿಗೆ ಅರ ಹಾಕಿದ್ದ. ಉಳಿದದ್ದೆಲ್ಲ ಅವಳದು, ಒಯ್ಯಲಿ. ಇದು ನನ್ನ ಗಂಡನ ಕೈಯದು. ಸ್ಕ್ರೂ ಸಮೇತ ಪರ್ಸಿನಲ್ಲಿ ಹಾಕಿಕೊಂಡಳು.

ಬಸ್ಸಿನಲ್ಲಿ ದುಪ್ಪಟಿಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಕಂಡಕ್ಟರ್ ಬಗ್ಗಿ ನೋಡಿದ. "ಕೈಕೂಸಿಗೆ ಟಿಕೆಟ್ ಇಲ್ಲಮ್ಮ. ಮುಖದ್ ಮೇಲಿಂದ ಬಟ್ಟೆ ತೆಗೀರಿ, ಸೆಕೆ."

"ಕೂಸಲ್ಲ" ಎಂದಳು.

ಮೇಖ್ರಿ ಸರ್ಕಲ್ಲಿನಲ್ಲಿ ಇಳಿದು ನಡೆದಳು. ಆರ್.ಟಿ. ನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಸೋಡಾ ಅಂಗಡಿಯವನು ಹೇಳಿದ, "ಜೈಬುನ್ನೀಸಾ ಅಂದ್ರೆ ಹಾಸ್ಗೆ ಅಂಗ್ಡಿ ಅಜ್ಜೀನಾ? ಆ ಗೇಟು, ತಗಡಿನ್ ಶೆಡ್ಡು."

ಅಜ್ಜಿ.

ಗೇಟಿನ ಒಳಗೆ ಹತ್ತಿಯ ಗುಡ್ಡೆ. ಅದರ ಪಕ್ಕ ಹತ್ತಿ ಬಿಡಿಸುವ ದೊಡ್ಡ ಬಿಲ್ಲು ತೂಗುತ್ತಿತ್ತು. ಗಂಗಾದೇವಿಗೆ ಆಗ ನೆನಪಾಯಿತು. ಹಾಸಿಗೆ ಗಂಟುಗಂಟಾಗೇದ, ಯಾರ ಕಡೆಗಾದ್ರೂ ಹತ್ತಿ ಬಿಡಿಸ್ಕೊಂಡು ಬರ್ರಿ, ಎಂದು ದೀಪಾವಳಿಗೆ ಮುಂಚೆ ಗಂಡನನ್ನು ಕಳಿಸಿದ್ದು ತಾನೇ. ಬಿಲ್ಲಿನ ತಂತಿ ಎಂಥಾ ದನಿ ಕೊಡ್ತದ ಗೊತ್ತೇನು ಎಂದು ಬಂದು ಹೇಳಿದ್ದ. ಅವಳು ಹಾಸಿಗೆಯ ಹೊಲಿಗೆ ನೋಡುತ್ತಿದ್ದಳು.

ಎಪ್ಪತ್ತರ ಹತ್ತಿರದ ಮುದುಕಿ, ಹುಬ್ಬಿನ ತುಂಬ ಹತ್ತಿಯ ನವಿರು, ದುಪ್ಪಟಿ ಕಂಡವಳೇ ಎದ್ದಳು.

"ನಾಗ್ಲಿಂಗಪ್ಪಂದು ಹೆಂಡ್ತೀನಾ? ಬಾ ಬಾ. ಅದು ಎಲ್ಲಿ? ಒಂದು ತಿಂಗ್ಳು ಆಯ್ತು, ಅದು ಬರ್ಲೇ ಇಲ್ಲ."

"ಅವರು ತೀರಿಕೊಂಡ್ರು. ಹದಿನಾಲ್ಕು ದಿನಾ ಆತು."

ಮುದುಕಿ ಹತ್ತಿಯ ಮೇಲೆ ಕೂತಳು. ಆಮೇಲೆ ದುಪ್ಪಟಿ ಬಿಚ್ಚಿ, ಕಪ್ಪು ಮರದ ಮೇಲೆ ಅಂಗೈ ಇಟ್ಟಳು.

"ಇವಳು ಬಂದ್ಳು. ಅದು ಹೋಯ್ತು."

ಗಂಗಾದೇವಿ ಕಿವಿ ನೆಟ್ಟಳು. ಮುದುಕಿಯ ಮನೆಮಾತು ಉರ್ದುವಿನಲ್ಲಿ ಗಂಡು, ಹೆಣ್ಣು ಎರಡೇ. ನಪುಂಸಕಲಿಂಗವೆಂಬುದೇ ಆ ಭಾಷೆಯಲ್ಲಿಲ್ಲ. ಕನ್ನಡಕ್ಕೆ ಬಂದಾಗ ಎಡವಿ, ಇದ್ದ ವಸ್ತುವನ್ನೆಲ್ಲ 'ಅವಳು' ಮಾಡಿ, ಇದ್ದ ಮನುಷ್ಯರನ್ನೆಲ್ಲ 'ಅದು' ಮಾಡಿದ್ದಳು.

"ನಂದು ಯಜಮಾನ್ರದು ಇವಳು. ಬೊಂಬಾಯಿಂದ ತಂದಿದ್ದು, ನಂಗೂ ಬಾರ್ಸೋಕೆ ಕಲಿಸಿದ್ದು. ಅಟ್ಟದ ಮೇಲೆ ಇಲಿ ಕಡೀತಿತ್ತು ಇವಳಿಗೆ. ನಾಗ್ಲಿಂಗಪ್ಪ ನೋಡ್ತು, ಅಮ್ಮಾ ನಾನು ರಿಪೇರಿ ಮಾಡ್ತೀನಿ ಅಂತು. ನಾನು ಇವಳು ಇವಳು ಅಂದ್ರೆ ಅದಕ್ಕೆ ನಗು. ಎಷ್ಟು ಖುಷಿ! ಅಮ್ಮಾ, ನಾನೂ ಆಕಿ ಅಂತೀನಿ, ನಮ್ಮಪ್ಪನ ಹಾಡ್ನಾಗೂ ಹಂಗs ಅದ ಅಂತು."

ಅಪ್ಪನ ಹಾಡು. ಮದುವೆಯಾದ ಹೊಸತರಲ್ಲಿ ಬಚ್ಚಲಿನಲ್ಲಿ ಹಾಡುತ್ತಿದ್ದ, ದೀಪದ ಮೇಲಿನ ಯಾವುದೋ ಭಜನೆ. ದೀಪವನ್ನು ಆಕಿ ಆಕಿ ಎಂದು ಕರೆಯುವ ಹಾಡು. ಅವಳು ಅಡುಗೆಮನೆಯಿಂದ ಕೂಗಿ ಹೇಳಿದ್ದಳು, "ದೀಪ ನಪುಂಸಕಲಿಂಗರೀ. ಆಕಿ ಅಂತಾರೇನು? ವ್ಯಾಕರಣ ತಪ್ಪು." ಹೇಳಿ ನಕ್ಕಿದ್ದಳು. ಆಮೇಲೆ ಬಚ್ಚಲಿನಿಂದ ನೀರಿನ ಸದ್ದು ಮಾತ್ರ ಬರುತ್ತಿತ್ತು. ಅದು ಯಾವತ್ತಿನಿಂದ ಎಂದು ಅವಳು ಎಣಿಸಿರಲಿಲ್ಲ.

"ಇಲ್ಲಿ ಬಂದು ಹಾಡ್ತಿದ್ರೇನು?"

"ಹಾಡ್ತಿತ್ತು, ಬಾರಿಸ್ತಿತ್ತು. ಒಂದೇ ತಂತಿ ಕಟ್ಕೊಂಡು ಬರೋದು. ತಪ್ಪು ತಪ್ಪು! ಹತ್ತು ಸಲ ತಪ್ಪೋದು, ನಗೋದು, ಮತ್ತೆ ಬಾರ್ಸೋದು. ಮನೇಲಿ ಹೆಂಡ್ತಿ ಮುಂದೆ ಬಾರ್ಸು ಬೇಟಾ, ಮುದುಕಿ ಮುಂದೆ ಯಾಕೆ ಅಂದೆ. ಅದು ಹೇಳ್ತು, ನಮ್ಮಾಕಿ ಎಂ.ಎ. ಓದ್ಯಾಳ, ಆಕಿ ಮುಂದ ನಾಚಿಕಿ. ಒಂದೂ ತಪ್ಪಿಲ್ದಂಗ ಕಲ್ತು ಬಾರಸ್ತೀನಿ ಅಂತು."

ಆ ಸಾಲಿನ ಆಕಿ ತಾನೇ. ಎರಡಕ್ಷರ ತನ್ನವಾಗಿಯೇ ಉಳಿದಿದ್ದವು. ಸಮಾಧಾನವಾಗಬೇಕಿತ್ತು. ಗಂಗಾದೇವಿ ಮುದುಕಿಯ ಕಿವಿಗಳನ್ನು ನೋಡಿದಳು. ಸುಕ್ಕು ಬಿದ್ದ, ಓಲೆ ಜಗ್ಗಿ ತೂತು ಸೀಳಿದ ಕಿವಿಗಳು. ಅವನ ತಪ್ಪುಗಳೆಲ್ಲ ಆ ಕಿವಿಗೆ ಹೋಗಿದ್ದವು, ತಪ್ಪಿದಾಗಿನ ನಗುವೂ. ತನಗೆಂದು ಅವನು ತಪ್ಪಿಲ್ಲದ್ದನ್ನು ಎತ್ತಿಟ್ಟಿದ್ದ. ಅದು ಬರಲೇ ಇಲ್ಲ. ಸುರ್ಮದ ಕಣ್ಣಿನ ಹೆಂಗಸಿನ ಮೇಲೆ ಬಂದಿದ್ದ ಹೊಟ್ಟೆಕಿಚ್ಚು ಇದರ ಮುಂದೆ ಏನೂ ಅಲ್ಲ.

ಮುದುಕಿ ಗುಂಡಿಗಳ ಮೇಲೆ ಬೆರಳು ಓಡಿಸುತ್ತಿದ್ದಳು. ಬೆರಳು ಒಂದು ಕಡೆ ತೂತಿನಲ್ಲಿ ಇಳಿಯಿತು.

"ಇಲ್ಲಿ ಇವಳದು ಹಲ್ಲು ಇಲ್ಲ."

"ಅವರು ಒಯ್ದಾಗೂ ಇದ್ದಿಲ್ಲಲ್ಲ?" ಗಂಗಾದೇವಿಯ ದನಿ ಅವಳಿಗೇ ಒರಟಾಗಿ ಕೇಳಿಸಿತು.

ಮುದುಕಿ ತಲೆಯೆತ್ತಿ ಅವಳನ್ನು ನೋಡಿದಳು, ಅವಳು ಬಿಗಿಯಾಗಿ ಹಿಡಿದಿದ್ದ ಪರ್ಸನ್ನೂ ನೋಡಿದಳು. "ಹೌದು, ಇರ್ಲಿಲ್ಲ. ಹೆಂಗೆ ಹೋದ್ಳು, ಹಂಗೇ ಬಂದ್ಳು. ಸರಿ ಐತೆ ಮಗಳೇ." ಗುಂಡಿಯ ಮಾತು ಅಲ್ಲಿಗೇ ಬಿಟ್ಟಳು. ಎಡಗೈ ಗುಂಡಿಗಳ ಮೇಲೆ ಇಟ್ಟು, ಬಲಗೈಯಿಂದ ಮೆಲ್ಲಗೆ ಮೀಟಿದಳು.

ದೀಪದ ಹಾಡು. ಮೊದಲ ಸಾಲು ಬಚ್ಚಲಿನಿಂದ ಬಂದಂತೆಯೇ ಬಂತು, ಅದೇ ಎಳೆತ, ಉಸಿರು ಬಿಡುವ ಅದೇ ಜಾಗ. ಎರಡನೆಯ ಸಾಲಿನ ನಡುವೆ ಮುದುಕಿಯ ಬೆರಳು ತೂತಿಗೆ ಇಳಿದು, ಹಾಡು ಅಲ್ಲೇ ಒಂದು ಕ್ಷಣ ಸತ್ತು, ಮುಂದಿನ ಗುಂಡಿಯಲ್ಲಿ ಎದ್ದಿತು. ಮತ್ತೆ ಅದೇ ಜಾಗದಲ್ಲಿ ಸತ್ತಿತು.

"ನಿಲ್ಲಸ್ರಿ."

ಪರ್ಸು ತೆರೆದು ಹಿತ್ತಾಳೆಯ ಗುಂಡಿ ಹೊರಗೆ ತೆಗೆದಳು. ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡು, ಸ್ಪ್ರಿಂಗಿನ ಮೇಲೆ ಕೂರಿಸಿ, ಉಗುರಿನಿಂದ ಸ್ಕ್ರೂ ತಿರುವಿದಳು. ಕೊನೆಯ ಸುತ್ತಿಗೆ ಉಗುರು ಸಾಲದೆ ಹೇರ್‌ಪಿನ್ ತೆಗೆದಳು. ಗುಂಡಿ ಒತ್ತಿ ಮೀಟಿದಳು. ಝುಂಯ್ ಎಂದಿತು.

"ಅಳ್ತಾಳೆ" ಎಂದಳು ಮುದುಕಿ. "ನಮ್ದು ಗಲ್ಲೀಲಿ ಸಾಣೆ ಹಿಡಿಯೋದು ಒಂದು ಬರ್ತದೆ. ಸ್ವಲ್ಪ ಉಜ್ಜಿಸ್ಲಾ?"

"ಬ್ಯಾಡ್ರಿ. ಅಷ್ಟು ಹಂಗs ಇರ್ಲಿ."

"ಆಯ್ತು."

"ಇನ್ನೊಂದು ಮಾತು. ನಾ ಗೇಟು ದಾಟಿ ಹೋಗೂ ತನಕಾ ಆ ಹಾಡು ಬಾರಸಬ್ಯಾಡ್ರಿ."

ಮುದುಕಿ ಮೀಟುವ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಗಂಗಾದೇವಿ ದುಪ್ಪಟಿಯನ್ನು ಮಡಿಸಿ ತನ್ನ ಕಂಕುಳಲ್ಲಿ ಇರಿಸಿಕೊಂಡಳು, ಅದು ಮನೆಯದು. ಆಮೇಲೆ ಬ್ಯಾಂಜೋವನ್ನು ಎರಡು ಕೈಯಿಂದ ಎತ್ತಿ ಜೈಬುನ್ನೀಸಾಳ ಮಡಿಲಿಗೆ ಕೊಟ್ಟಳು.

"ತಗೋರಿ" ಎಂದಳು, "ಆಕಿನ್ನ."